ಅಂಗಳಕ್ಕೆ ಇಳಿಯದ ತಾಯಿ ಪಿಲಿಕುಳಕ್ಕೆ ಹೋದರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಈ ತಾಯಿ ಬೆಳೆದದ್ದು ಕಾರವಾರದ ಪೇಟೆಯಲ್ಲಿ. ಮದುವೆಯಾಗಿ ಬಂದದ್ದು ಶಿರಸಿ ಸೀಮೆಯ ತೋಟದ ಮನೆಗೆ. ಮಳೆಗಾಲ ಶುರುವಾದರೆ ಹಾವಿನ ಭಯಕ್ಕೆ ಅಂಗಳಕ್ಕೇ ಇಳಿಯುತ್ತಿರಲಿಲ್ಲ. ರಾತ್ರಿ ಬಚ್ಚಲಿಗೆ ಹೋಗಬೇಕಾದರೂ ಗಂಡ ಮುಂದೆ ನಡೆಯಬೇಕು. ಟೀವಿಯಲ್ಲಿ ಹಾವು ಕಂಡರೆ ಎದ್ದು ಒಳಗೆ ಹೋಗುವರು. ಮನೆಯವರಿಗೆ ಇದೊಂದು ತಮಾಷೆ. ಮೈದುನ ಹಗ್ಗ ಎಸೆದು ಹೆದರಿಸಿದ್ದೂ ಇದೆ.

ಆಪ್ತಸಲಹೆಗೆಂದು ನನ್ನ ಬಳಿ ಬಂದದ್ದು ಮಾತ್ರ ಮಗಳಿಗಾಗಿ. ಏಳು ವರ್ಷದ ಹುಡುಗಿ ತೋಟ ಅಂದರೆ ಅಳುತ್ತಿದ್ದಳು. "ಮೇಡಂ, ಇವಳು ಹಾವನ್ನೇ ನೋಡಿಲ್ಲ. ನನ್ನ ನೋಡಿ ಹೆದರೋದು ಕಲಿತಿದ್ದಾಳೆ" ಎಂದರು. ಅವರು ಹೇಳಿದ್ದು ಸರಿ. ಮಕ್ಕಳು ದೊಡ್ಡವರ ಮುಖ ನೋಡಿಯೇ ಭಯ ಕಲಿಯುತ್ತಾರೆ.

ಹಾವಿಗೆ ಹೆದರುವುದು ತಪ್ಪಲ್ಲ ಎಂದು ಮೊದಲೇ ಹೇಳಿದೆ. ತೋಟದ ಮನೆಯಲ್ಲಿ ಎಚ್ಚರ ಬೇಕೇ ಬೇಕು. ಎಚ್ಚರ ಇದ್ದವರು ಟಾರ್ಚ್ ಹಿಡಿದು ಹೊರಗೆ ಹೋಗುತ್ತಾರೆ. ಭಯ ಜಾಸ್ತಿಯಾದವರು ಹೊರಗೇ ಹೋಗುವುದಿಲ್ಲ. ಪ್ರತಿ ಸಲ ತಪ್ಪಿಸಿಕೊಂಡಾಗ ಜೀವಕ್ಕೆ ಹಾಯೆನಿಸುತ್ತದೆ, ಅಲ್ವಾ? ಭಯ ಬಲಿಯುವುದೂ ಅದರಿಂದಲೇ.

ಹಾಗಾಗಿ ಸ್ವಲ್ಪ ಸ್ವಲ್ಪವೇ ಹತ್ತಿರ ಹೋಗುವುದೆಂದು ಗೊತ್ತು ಮಾಡಿದೆವು. ಮೊದಲು ಪೆನ್ಸಿಲ್ ಚಿತ್ರ, ಆಮೇಲೆ ಫೋಟೊ, ಆಮೇಲೆ ವಿಡಿಯೊ. ಭಯಕ್ಕೆ ಹತ್ತರಲ್ಲಿ ಎಷ್ಟು ಅಂಕ ಎಂದು ಕೇಳುತ್ತಿದ್ದೆ. ಅಂಕ ಅರ್ಧಕ್ಕೆ ಇಳಿಯುವ ತನಕ ಮುಂದಕ್ಕೆ ಹೋಗುತ್ತಿರಲಿಲ್ಲ.

ಅವರನ್ನು ಹೆಚ್ಚು ಕಾಡುತ್ತಿದ್ದುದು ಹಾವಿನ ಕಣ್ಣು. "ಅದು ನನ್ನನ್ನೇ ದಿಟ್ಟಿಸ್ತದೆ" ಎನ್ನುತ್ತಿದ್ದರು. ಹಾವಿಗೆ ರೆಪ್ಪೆಯೇ ಇಲ್ಲ, ನಿದ್ದೆಯಲ್ಲೂ ಅದರ ಕಣ್ಣು ಮುಚ್ಚುವುದಿಲ್ಲ ಎಂದಾಗ ತುಂಬ ಹೊತ್ತು ಸುಮ್ಮನಿದ್ದರು. ನಾಲಗೆ ಹೊರಗೆ ಚಾಚುವುದು ವಾಸನೆ ಹಿಡಿಯಲು. ಅವರ ಕೊಟ್ಟಿಗೆಯ ಹತ್ತಿರ ಕಾಣುತ್ತಿದ್ದ ಕೇರೆಹಾವಿಗೆ ವಿಷವಿಲ್ಲ, ಅದು ಬರುವುದು ಇಲಿ ಹುಡುಕಿಕೊಂಡು. ಇವನ್ನೆಲ್ಲ ಮನೆಗೆ ಹೋಗಿ ಮಗಳಿಗೆ ನೀವೇ ಹೇಳಿ ಎಂದೆ. ಹೇಳಿಕೊಡುವವರ ದನಿಗೆ ತಾನಾಗಿ ಧೈರ್ಯ ಬರುತ್ತದೆ.

ಬೇಸಿಗೆ ರಜೆಯಲ್ಲಿ ಮನೆಯವರೆಲ್ಲ ಮಂಗಳೂರಿನ ಪಿಲಿಕುಳಕ್ಕೆ ಹೊರಟರು. ಅಲ್ಲಿನ ಮೃಗಾಲಯ ಕಾಳಿಂಗ ಸರ್ಪಗಳ ಮರಿ ಮಾಡಿಸಿ ಹೆಸರಾದದ್ದು. ನಾನು ಗಂಡನನ್ನು ಕರೆಸಿ ಮಾತಾಡಿದೆ. ಕೈ ಹಿಡಿದು ಎಳೆಯಬಾರದು, ನಗಬಾರದು. ಅವರು ಎಲ್ಲಿ ಬೇಕಾದರೂ ನಿಲ್ಲಬಹುದು. ಆದರೆ ಭಯ ಏರಿದ ಕ್ಷಣವೇ ಹಿಂತಿರುಗದೆ, ಅದು ಸ್ವಲ್ಪ ಇಳಿದ ಮೇಲೆ ಹೊರಡಬೇಕು. "ಎಲ್ಲಾದರೂ ಒಮ್ಮೆ ಹಾವು ಮುಟ್ಟಿಸಿಬಿಟ್ಟರೆ ಭಯ ಹೋಗ್ತದಲ್ಲ?" ಎಂದು ಗಂಡ ಕೇಳಿದರು. ಖಂಡಿತ ಬೇಡ ಎಂದೆ. ಹೆಂಡತಿಗೂ ಹಿಂಸೆ, ಹಾವಿಗೂ ಹಿಂಸೆ.

ಹೆಬ್ಬಾವಿನ ಆವರಣದ ಎದುರು ಅವರ ಅಂಕ ಎಂಟಂತೆ. ಕಾಳಿಂಗದ ಹತ್ತಿರ ಬರುವಾಗ ಐದು. ಹೆಣ್ಣು ಕಾಳಿಂಗ ತರಗೆಲೆಗಳನ್ನು ಮೈಯಿಂದ ರಾಶಿ ಮಾಡಿ ಗೂಡು ಕಟ್ಟುತ್ತದೆ, ಮೊಟ್ಟೆ ಕಾಯುತ್ತದೆ ಎಂದು ಮಗಳಿಗೆ ಅಲ್ಲೇ ನಿಂತು ಹೇಳಿದರಂತೆ. "ಆಯಿ, ಎಷ್ಟು ಚಂದ ಇದ್ದು!" ಎಂದಳಂತೆ ಹುಡುಗಿ. ತನಗೂ ಹಾಗೇ ಅನ್ನಿಸಿತು ಎಂದು ಹೇಳುವಾಗ ಅವರ ಕಣ್ಣು ತುಂಬಿತ್ತು. ನನಗೂ ಬಹಳ ಸಂತೋಷವಾಯಿತು.

ಮನೆಗೆಂದು ಕೊಟ್ಟ ಸಲಹೆ ಬೇರೆ. ಹಾವು ಚಂದ ಕಂಡಿತೆಂದು ಹತ್ತಿರ ಹೋಗಬಾರದು. ಕತ್ತಲಲ್ಲಿ ಟಾರ್ಚ್, ತೋಟದಲ್ಲಿ ಬೂಟು ಇರಲಿ. ಕಟ್ಟಿಗೆ ರಾಶಿ ಗೋಡೆಗೆ ತಾಗದಂತೆ ಇಡಿ. ನೆಲದ ಮೇಲೆ ಮಲಗಬೇಡಿ, ಸೊಳ್ಳೆಪರದೆ ಕಟ್ಟಿಕೊಳ್ಳಿ. ಯಾರಿಗಾದರೂ ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ. ಕಚ್ಚಿಸಿಕೊಂಡವರ ಕೈಕಾಲು ಅಲುಗಾಡದಂತೆ ನೋಡಿಕೊಂಡು, 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಿಸಿ. ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ನಮ್ಮ ರಾಜ್ಯ 2024ರಲ್ಲಿ ನಿಯಮ ಮಾಡಿದೆ. ಅಷ್ಟು ಗಂಭೀರ ವಿಷಯ ಇದು.

ಈಗ ಅವರು ಟಾರ್ಚ್ ಹಿಡಿದು ಒಬ್ಬರೇ ಬಚ್ಚಲಿಗೆ ಹೋಗುತ್ತಾರೆ. ಮಗಳು ಅಜ್ಜನ ಜೊತೆ ತೋಟ ಸುತ್ತುತ್ತಾಳೆ. ಮಳೆಗಾಲದಲ್ಲಿ ಒಂಟಿಯಾಗಿ ತೋಟಕ್ಕೆ ಇಳಿಯುವುದು ಅವರಿಗೆ ಇನ್ನೂ ಕಷ್ಟ. ಸದ್ಯ ಅತ್ತೆಯ ಜೊತೆ ಮೊದಲ ಕಾಲುಸಂಕದ ತನಕ ಹೋಗಿ ಬರುವುದೆಂದು ಮಾತಾಗಿದೆ.