ಹಳ್ಳಿಯ ಇತಿಹಾಸ ಉಳಿಸೋದು ನಾಲ್ಕೈದು ಹುಡುಗರಿಂದ ಆಗುತ್ತಾ? ಎಲ್ಲಿಂದ ಶುರು ಮಾಡಬೇಕು?

ನೀವು ಬರೆದದ್ದು ಇಷ್ಟು. ನಿಮ್ಮದು ಯಲಬುರ್ಗಾ ಕಡೆಯ ಒಂದು ಹಳ್ಳಿ. ಊರಬಾಗಿಲು, ಅಂದರೆ ಅಗಸಿ ಹತ್ತಿರ ವೀರಗಲ್ಲುಗಳಿವೆ, ಬಿದ್ದ ಗುಡಿ ಇದೆ, ಅಕ್ಷರ ಕೆತ್ತಿದ ಒಂದು ಕಲ್ಲೂ ಇದೆ. ಹಳೇ ಸಂಗತಿ ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ನೀವು ನಾಲ್ಕೈದು ಗೆಳೆಯರು ಸೇರಿ ಏನಾದರೂ ಮಾಡಬೇಕು ಅಂತಿದ್ದೀರಿ. ಹಣ ಇಲ್ಲ, ಇತಿಹಾಸ ಓದಿದವರೂ ನಿಮ್ಮಲ್ಲಿ ಇಲ್ಲ.

ಆಗುತ್ತೆ. ನಾನು ಕೊಪ್ಪಳ ತಾಲೂಕಿನ ಒಂದು ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ, ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು. ನಮ್ಮ ಗುಂಪಿನಲ್ಲೂ ಇತಿಹಾಸದ ಪ್ರೊಫೆಸರ್ ಯಾರೂ ಇಲ್ಲ. ನಿವೃತ್ತ ಕನ್ನಡ ಮೇಷ್ಟ್ರು ಒಬ್ಬರು, ಐಟಿಐ ಓದಿದ ಇಬ್ಬರು ಹುಡುಗರು, ಒಬ್ಬರು ಆಶಾ ಕಾರ್ಯಕರ್ತೆ, ಮತ್ತೆ ನಾನು. ನಿಮ್ಮ ಗುಂಪಿಗೂ ಮೊದಲು ಆಶಾ ಅಕ್ಕನನ್ನೋ ಅಂಗನವಾಡಿ ಟೀಚರನ್ನೋ ಸೇರಿಸಿಕೊಳ್ಳಿ. ಯಾವ ಮನೆಯಲ್ಲಿ ಎಷ್ಟು ವಯಸ್ಸಿನ ಅಜ್ಜಿ ಇದ್ದಾರೆ, ಯಾರಿಗೆ ಕಿವಿ ಕೇಳಲ್ಲ, ಯಾರು ಮಧ್ಯಾಹ್ನ ಮಲಗುತ್ತಾರೆ, ಎಲ್ಲ ಅವರಿಗೆ ಗೊತ್ತಿರುತ್ತೆ. ಬರೀ ಗಂಡುಹುಡುಗರು ಫೋನ್ ಹಿಡಿದು ಹೋದರೆ ಅರ್ಧ ಊರು ಮಾತೇ ಆಡಲ್ಲ.

ಶುರು ಹಿರಿಯರಿಂದಲೇ ಆಗಲಿ. ವೀರಗಲ್ಲು ನೂರಾರು ವರ್ಷದಿಂದ ನಿಂತಿದೆ, ಇನ್ನೊಂದು ವರ್ಷ ನಿಂತೀತು. ನಮ್ಮ ಭಾಗ ನಿಜಾಮರ ಸಂಸ್ಥಾನದಿಂದ ಬಿಡುಗಡೆಯಾದದ್ದು 1948ರ ಸೆಪ್ಟೆಂಬರ್ 17ಕ್ಕೆ. ಆಗ ಆರೇಳು ವರ್ಷದವರಾಗಿದ್ದವರು ಈಗ ಎಂಬತ್ತು ದಾಟಿದ್ದಾರೆ. ನಿಜಾಮರ ಪರವಾದ ರಜಾಕಾರ ಪಡೆಯ ಗಲಾಟೆಯಲ್ಲಿ ರಾತ್ರೋರಾತ್ರಿ ಊರು ಬಿಟ್ಟು, ಸಂಸ್ಥಾನದ ಗಡಿ ದಾಟಿ ಮುಂಡರಗಿ ಕಡೆಗೆ ಹೋದವರ ನೆನಪು ಇನ್ನು ಎಷ್ಟು ದಿನ ಸಿಕ್ಕೀತು? ಅಳವಂಡಿ ಶಿವಮೂರ್ತಿ ಸ್ವಾಮಿಗಳು ನಿಜಾಮರ ವಿರುದ್ಧದ ಹೋರಾಟಕ್ಕೆ ಮುಂಡರಗಿ ಶಿಬಿರ ನಡೆಸಿದ್ದು ಪುಸ್ತಕದಲ್ಲಿದೆ. ನಿಮ್ಮ ಓಣಿಯ ಅಜ್ಜಿ ಅವತ್ತು ಗಂಟಿನಲ್ಲಿ ಏನು ಕಟ್ಟಿಕೊಂಡು ಹೋದರು ಅನ್ನೋದು ಯಾವ ಪುಸ್ತಕದಲ್ಲೂ ಇಲ್ಲ.

"ಊರಿನ ಇತಿಹಾಸ ಹೇಳ್ರಿ" ಅಂತ ಮಾತ್ರ ಕೇಳಬೇಡಿ. "ನಮಗೇನ್ ಗೊತ್ತೈತಿ, ಗೌಡ್ರನ್ನ ಕೇಳ್ರಿ" ಅಂದುಬಿಡುತ್ತಾರೆ. ನೀರು ಎಲ್ಲಿಂದ ತರ್ತಿದ್ರಿ, ಕಾಳು ತುಂಬಿಡೋ ನೆಲದೊಳಗಿನ ಹಗೇವು ಎಲ್ಲಿತ್ತು, ಹೊಸದಾಗಿ ಈ ಊರಿಗೆ ಸೊಸೆಯಾಗಿ ಬಂದಾಗ ಅಗಸಿ ದಾಟಿದ ಮೇಲೆ ಮೊದಲು ಯಾರ ಮನೆ ಬರ್ತಿತ್ತು ಅಂತ ಕೇಳಿ. ಮಾತು ತಾನೇ ಬಿಚ್ಚಿಕೊಳ್ಳುತ್ತೆ. ಇಸವಿ ಕೇಳಿದರೆ ಸಿಗಲ್ಲ. ರಜಾಕಾರರ ಗಲಾಟೆಗಿಂತ ಮುಂಚೆನಾ, ತುಂಗಭದ್ರಾ ಡ್ಯಾಂ ತುಂಬಿದ ಮೇಲಾ, ಎಪ್ಪತ್ತೆರಡರ ಬರದ ಹೊತ್ತಿಗೆ ಮಕ್ಕಳೆಷ್ಟು ದೊಡ್ಡವರಿದ್ರು ಅಂತ ಕೇಳಿದರೆ ಕಾಲ ತಾನಾಗಿ ಗೊತ್ತಾಗುತ್ತೆ.

ಈಗ ನಮ್ಮೂರಿನದು ಒಂದು ಸಂಗತಿ ಹೇಳ್ತೀನಿ. ನನಗೆ ಈ ಕೆಲಸದಲ್ಲಿ ಗೊತ್ತಾದದ್ದರಲ್ಲಿ ದೊಡ್ಡದು ಇದೇ.

ನಮ್ಮೂರು ತುಂಗಭದ್ರಾ ಹಿನ್ನೀರಿನ ದಂಡೆಯಲ್ಲಿದೆ. ಹಳೇ ಊರು ನೀರಿನಡಿ. 1945ರಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು, 1953ರ ಹೊತ್ತಿಗೆ ನೀರು ನಿಂತಿತು. ಆ ಕಡೆ ಮದರಾಸು ಪ್ರಾಂತ್ಯದ ಬಳ್ಳಾರಿ, ಈ ಕಡೆ ಹೈದರಾಬಾದಿನ ರಾಯಚೂರು ಜಿಲ್ಲೆ, ಎರಡೂ ಸೇರಿ 90ರಷ್ಟು ಹಳ್ಳಿ ಮುಳುಗಿದವು. ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದ್ದು ಎಲ್ಲರಿಗೂ ಗೊತ್ತು. ನಮ್ಮಂಥ ಸಣ್ಣ ಊರುಗಳ ಬಗ್ಗೆ ಯಾರೂ ಬರೆದಿಲ್ಲ.

ಹಳೇ ಊರಿನ ಫೋಟೊ ನಮ್ಮ ಹತ್ತಿರ ಒಂದೂ ಇರಲಿಲ್ಲ. ಅದಕ್ಕೆ ಒಂದು ಭಾನುವಾರ ಹಳೇ ಊರು ಕಂಡವರನ್ನೆಲ್ಲ ಶಾಲೆಯ ಬಯಲಿಗೆ ಕರೆದು, ಕೈಗೆ ಸುಣ್ಣದ ಪುಡಿ ಕೊಟ್ಟು, "ನಿಮ್ಮೂರು ಬರೆದು ತೋರಿಸ್ರಿ" ಅಂದೆವು. ಮೊದಲು ನಾಚಿಕೊಂಡರು. ಆಮೇಲೆ ಒಬ್ಬ ಅಜ್ಜ ಹನುಮಪ್ಪನ ಗುಡಿ ಹಾಕಿದರು. ಅಲ್ಲಿಂದ ಅಗಸಿ, ಅಗಸಿಯಿಂದ ಗೌಡರ ವಾಡೆ, ವಾಡೆ ಪಕ್ಕ ಬಡಿಗೇರ ಮನೆ. ಅಜ್ಜಿಯರದು ರಂಗೋಲಿ ಹಾಕಿ ಪಳಗಿದ ಕೈಗಳು, ಗೆರೆ ಎಲ್ಲೂ ತಪ್ಪಲಿಲ್ಲ. ಬಾವಿ ಹುಣಸೆ ಮರದ ಈ ಕಡೆನಾ ಆ ಕಡೆನಾ ಅಂತ ಇಬ್ಬರು ಅಜ್ಜಿಯರಿಗೆ ಜೋರು ವಾದವೇ ಆಯಿತು. ಒಬ್ಬರು ತಾವು ಹುಟ್ಟಿದ ಮನೆಯ ಗೆರೆಯೊಳಗೆ ಹೋಗಿ, "ಇಲ್ಲೇ ನಮ್ಮವ್ವ ಬೀಸತಿದ್ಲು" ಅಂತ ಕೂತುಬಿಟ್ಟರು.

ನಕ್ಷೆ ಮುಗೀತು ಅಂದುಕೊಂಡೆವು. ಆಗ ಅಂಚಿನಲ್ಲಿ ನಿಂತಿದ್ದ, ದಲಿತರ ಕೇರಿಯ ಒಬ್ಬ ಹಿರಿಯಮ್ಮ ಹೇಳಿದರು: "ನಮ್ಮ ಬಾವಿ ಹಾಕೇ ಇಲ್ಲಲ್ರಿ."

ಊರ ಬಾವಿ ಒಂದೇ ಅಂತ ಅಲ್ಲಿಯವರೆಗೆ ಎಲ್ಲರೂ ಹೇಳಿದ್ದರು. ಕೇರಿಯವರಿಗೆ ಆ ಬಾವಿ ಮುಟ್ಟುವ ಹಾಗಿರಲಿಲ್ಲ. ಅವರದು ಹಳ್ಳದ ದಂಡೆಯಲ್ಲಿ ಬೇರೆ ಇತ್ತು. ಅವರ ಕೈಗೆ ಸುಣ್ಣ ಕೊಟ್ಟೆವು. ಬಾವಿ ಹಾಕಿದರು, ಕೇರಿಯ ಗುಡಿಸಲು ಹಾಕಿದರು, ಬಾರಿಸುವ ಹಲಗೆ ಕಾಯಿಸುತ್ತಿದ್ದ ಜಾಗ, ಮರಿಯಮ್ಮನ ಕಟ್ಟೆ ಹಾಕಿದರು. ಊರು ಇದ್ದಕ್ಕಿದ್ದಂತೆ ದೊಡ್ಡದಾಯಿತು. ಅವತ್ತು ಕೆಲವರಿಗೆ ಕಸಿವಿಸಿಯಾಗಿದ್ದು ನಿಜ. ಆದರೂ ಯಾರೂ ಅಳಿಸಲಿಲ್ಲ.

ಶಾಲೆಯ ಮಾಳಿಗೆ ಹತ್ತಿ ಅದರ ಫೋಟೊ ತೆಗೆದು, ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗ್ರಂಥಾಲಯದ ಗೋಡೆಗೆ ಅಂಟಿಸಿದೆವು. ಪಕ್ಕದಲ್ಲಿ ದಾರ ಕಟ್ಟಿ ಒಂದು ಪೆನ್ಸಿಲ್ ತೂಗುಹಾಕಿದೆವು. ಅಸಲಿ ಸಂಗ್ರಹ ಶುರುವಾದದ್ದು ಆಮೇಲೆ! ಪೇಪರ್ ಓದೋಕೆ ಬಂದವರು ಮನೆಗಳ ಹೆಸರು ಬರೆದರು. ಒಬ್ಬರು ಜಮೀನು ಮುಳುಗಿದ್ದಕ್ಕೆ ಕೊಟ್ಟ ಪರಿಹಾರದ ಕಾಗದ ತಂದರು. ಗಂಡನ ಮನೆಯಿಂದ ಹಬ್ಬಕ್ಕೆ ಬಂದ ಹೆಣ್ಣುಮಗಳು ತನ್ನ ಅಜ್ಜಿ ಹೇಳುತ್ತಿದ್ದ ಬೀಸೋ ಪದ ಹಾಡಿ ಹೋದಳು.

ಅದಕ್ಕೇ ನಿಮಗೆ ಹೇಳೋದು, ಎಲ್ಲ ಸಂಗ್ರಹಿಸಿ ಮುಗಿದ ಮೇಲೆ ಹಂಚೋಣ ಅಂತ ಕಾಯಬೇಡಿ. ಇವತ್ತು ಸಿಕ್ಕಿದ್ದನ್ನು ಈ ವಾರವೇ ಊರಿಗೆ ತೋರಿಸಿ. ತೋರಿಸಿದಷ್ಟೂ ಬರುತ್ತೆ. ಬೀಗ ಹಾಕಿದ ಹಾರ್ಡ್ ಡಿಸ್ಕಿನಲ್ಲಿ ಇಟ್ಟದ್ದು ಊರಿನವರ ಪಾಲಿಗೆ ಮುಳುಗಿದ ಹಾಗೇ. ಪುಸ್ತಕ ಮಾಡ್ತೀವಿ ಅಂತ ವರ್ಷಗಟ್ಟಲೆ ತಡ ಮಾಡಿದ ಗುಂಪುಗಳನ್ನು ನಾನು ನೋಡಿದ್ದೇನೆ. ಅಷ್ಟರಲ್ಲಿ ಅದನ್ನು ಓದಿ "ಇದು ಹೀಗಲ್ಲ, ಹಾಗೆ" ಅನ್ನಬೇಕಾದವರೇ ಇರಲ್ಲ.

ರೆಕಾರ್ಡಿಂಗಿಗೆ ಫೋನ್ ಸಾಕು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಫ್ಯಾನ್ ಆರಿಸಿ, ಅವರ ಹತ್ತಿರ ಇಡಿ. ಹೆಸರು, ಊರು, ದಿನ, ಮತ್ತು "ಇದನ್ನು ಬೇರೆಯವರಿಗೆ ಕೇಳಿಸಬಹುದಾ" ಅನ್ನೋ ಪ್ರಶ್ನೆ, ಅದಕ್ಕೆ ಅವರ ಉತ್ತರ, ಎಲ್ಲ ರೆಕಾರ್ಡಿಂಗಿನ ಮೊದಲಿಗೇ ಬರಲಿ. ನಡುವೆ "ಇದನ್ನ ಬಂದ್ ಮಾಡವ್ವ" ಅಂದರೆ ಬಂದ್ ಮಾಡಲೇಬೇಕು. ನಮ್ಮ ಜಿಲ್ಲೆಗಳಲ್ಲಿ ದೇವದಾಸಿ ಪದ್ಧತಿಯ ನೋವು ಉಂಡ ಅಮ್ಮಂದಿರಿದ್ದಾರೆ. 1982ರಲ್ಲಿ ಕಾನೂನು ಬಂದು ನಿಷೇಧವಾಯಿತು, ಆದರೆ ಆ ಬದುಕಿನ ಮಾತು ಯಾರಿಗೆ, ಎಷ್ಟು ಹೇಳಬೇಕು ಅನ್ನೋದು ಅವರ ಇಷ್ಟ. ಕೆದಕಬೇಡಿ. ರೆಕಾರ್ಡಿಂಗಿನ ಒಂದು ಕಾಪಿ ಮೆಮೊರಿ ಕಾರ್ಡಿಗೆ ಹಾಕಿ ಆ ಮನೆಗೇ ಕೊಡಿ. ನಿಮ್ಮಲ್ಲಿ ಒಂದು ಇರಲಿ, ಇನ್ನೊಂದು ಬೇರೆ ಊರಿನ ಗೆಳೆಯರ ಹತ್ತಿರ. ಫೋಟೊಗಳನ್ನು ವಾಟ್ಸಾಪಿನಲ್ಲಿ ಸುಮ್ನೆ ಕಳಿಸಿದರೆ ಕುಗ್ಗಿ ಹಾಳಾಗುತ್ತವೆ, ಡಾಕ್ಯುಮೆಂಟ್ ಅಂತ ಕಳಿಸಿ.

ಹೆಳವರು ನಿಮ್ಮೂರಿಗೂ ಬರ್ತಾರೆ ಅಲ್ವಾ? ಮನೆತನದ ವಂಶಾವಳಿ ಹೇಳುವವರು. ಎಲ್ಲಿಂದ ಬಂದಿರಿ, ಯಾವ ತಲೆಮಾರಿನಲ್ಲಿ ಅಣ್ಣತಮ್ಮಂದಿರು ಬೇರೆಯಾದಿರಿ, ಎಲ್ಲ ಅವರ ಪುಸ್ತಕದಲ್ಲಿರುತ್ತೆ. ಅವರನ್ನು ಕೂರಿಸಿ, ಊಟ ಹಾಕಿ, ಕೇಳಿ. ಆದರೆ ಅದು ಅವರ ಹೊಟ್ಟೆಪಾಡು. ಅವರನ್ನು ಕೇಳದೆ ಪುಸ್ತಕದ ಹಾಳೆಗಳ ಫೋಟೊ ತೆಗೆಯೋದು, ಕಾಣಿಕೆ ಕೊಡದೆ ಕಳಿಸೋದು ತಪ್ಪು.

ಇನ್ನು ಕಲ್ಲುಗಳಿಗೆ ಬರೋಣ. ಇಟಗಿಯ ಮಹಾದೇವ ದೇವಾಲಯ ನಿಮಗೆ ಹತ್ತಿರ. 1112ರಲ್ಲಿ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನವೇ ಅದನ್ನು ದೇವಾಲಯ ಚಕ್ರವರ್ತಿ ಅನ್ನುತ್ತೆ. ಅದನ್ನು ನೋಡಿಕೊಳ್ಳಲು ಸರ್ಕಾರ ಇದೆ. ನಿಮ್ಮೂರ ವೀರಗಲ್ಲಿಗೆ ನೀವೇ ಗತಿ.

ಹೊತ್ತು ಮುಳುಗಿದ ಮೇಲೆ ಹೋಗಿ. ಟಾರ್ಚನ್ನು ಎದುರಿಂದ ಹಿಡಿಯಬೇಡಿ, ಪಕ್ಕದಿಂದ, ಕಲ್ಲಿಗೆ ತಾಗುವ ಹಾಗೆ ಓರೆಯಾಗಿ ಹಿಡಿಯಿರಿ. ಹಗಲಲ್ಲಿ ಬರೀ ಗೀಚು ಅನಿಸಿದ್ದು ಒಂದೊಂದೇ ಅಕ್ಷರವಾಗಿ ಏಳುತ್ತೆ. ಸವೆದ ಕುದುರೆಯ ಕಾಲು, ವೀರನ ಕೈಯ ಬಿಲ್ಲು, ಸೊಂಟದ ಕಠಾರಿ ಕಾಣುತ್ತೆ. ವೀರಗಲ್ಲನ್ನು ಸಾಮಾನ್ಯವಾಗಿ ಕೆಳಗಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುವುದು, ಮೇಲೆ ಶಿವಲಿಂಗದ ಮುಂದೆ ಅವನು. ಕೆಳಗೆ ದನಗಳಿದ್ದರೆ ತುರುಗಾಳಗದಲ್ಲಿ, ಅಂದರೆ ದನಕ್ಕಾಗಿ ನಡೆದ ಕಾಳಗದಲ್ಲಿ ಸತ್ತವನು. ಟಾರ್ಚನ್ನು ನಾಲ್ಕೂ ಕಡೆಯಿಂದ ಹಿಡಿದು ಫೋಟೊ ತೆಗೆಯಿರಿ, ಪಕ್ಕದಲ್ಲಿ ಒಂದು ಅಡಿಪಟ್ಟಿ ಇಡಿ. ತಂತಿ ಬ್ರಷ್, ಆ್ಯಸಿಡ್, ಆಯಿಲ್ ಪೇಂಟ್ ಯಾವುದನ್ನೂ ಹತ್ತಿರ ತರಬೇಡಿ. ಅಕ್ಷರ ಕಾಣಲಿ ಅಂತ ಭಕ್ತಿಯಿಂದ ಬಣ್ಣ ಬಳಿದೇ ಎಷ್ಟೋ ಶಾಸನ ಮುಚ್ಚಿಹೋಗಿವೆ, ನೋಡಿದರೆ ಹೊಟ್ಟೆ ಉರಿಯುತ್ತೆ.

ಆ ಅಕ್ಷರದ ಕಲ್ಲನ್ನು ಯಾರಾದರೂ ಆಗಲೇ ಓದಿರಬಹುದು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲೆಗಳ ಶಾಸನ ಸಂಪುಟ ತಂದಿದೆ, ಅದರಲ್ಲಿ ನಿಮ್ಮೂರ ಹೆಸರು ಹುಡುಕಿ. ಕೊಪ್ಪಳ ಪಟ್ಟಣದ ಶಾಸನಗಳು 1935ರಲ್ಲೇ ಹೈದರಾಬಾದ್ ಪುರಾತತ್ವ ಮಾಲೆಯಲ್ಲಿ ಅಚ್ಚಾಗಿವೆ. ಓದುವಾಗ ಶಕ ವರ್ಷ ಸಿಕ್ಕರೆ 78 ಕೂಡಿಸಿ. ನಮ್ಮ ಭಾಗದಲ್ಲಿ ಚಾಲುಕ್ಯ ವಿಕ್ರಮ ವರ್ಷ ಜಾಸ್ತಿ, ಅದು 1076ರಿಂದ ಶುರು, ಹಾಗಾಗಿ 1075 ಕೂಡಿಸಬೇಕು. ಆ ಶಾಸನವನ್ನು ಊರಲ್ಲಿ ಗಟ್ಟಿಯಾಗಿ ಓದಿ, ಇವತ್ತಿನ ಕನ್ನಡದಲ್ಲಿ ಹೇಳಿ. ಅದರಲ್ಲಿ ದಾನ ಕೊಟ್ಟ ಹೊಲದ ಎಲ್ಲೆಯಾಗಿ ಹೇಳಿದ ಹಳ್ಳ, ಕೆರೆ ಈಗಲೂ ಅಲ್ಲೇ ಇದ್ದರೆ ರೈತರು ಎದ್ದು ನಿಂತು ಜಾಗ ತೋರಿಸುತ್ತಾರೆ.

ಕಾಗದ ಪತ್ರದ ಮಾತು ಸ್ವಲ್ಪ ಬೇರೆ. ನಿಜಾಮರ ಕಾಲದ ದಫ್ತರ ಹೆಚ್ಚಾಗಿ ಉರ್ದುವಿನಲ್ಲಿರುತ್ತೆ. ಕುಲಕರ್ಣಿ, ಮಾಲಿ ಪಾಟೀಲ ಮನೆತನಗಳ ಅಟ್ಟದ ಮೇಲೆ ಇಂಥ ಕಟ್ಟುಗಳು ಇನ್ನೂ ಇವೆ. ಓದೋಕೆ ಬರಲ್ಲ ಅಂತ ಒಲೆಗೆ ಹಾಕುವ ಮುಂಚೆ ಒಂದು ಫೋಟೊ ಆದರೂ ತೆಗೆದಿಡಿ. ಓದಿಸೋದು ಆಮೇಲೆ ಆಯಿತು. ಮಸೀದಿಯ ಹಿರಿಯರನ್ನು ಕೇಳಿ, ಉರ್ದು ಶಾಲೆಯ ಮೇಷ್ಟ್ರನ್ನು ಕೇಳಿ. ಹೀಗೆ ಕೇಳಲು ಹೋದಾಗಲೇ ನಮಗೆ ಅಲಾಯಿ (ಮೊಹರಂ) ಹಬ್ಬದ ಹಳೇ ಪದಗಳು ಸಿಕ್ಕವು, ಹಾಡಿದವರು ಎರಡೂ ಧರ್ಮದವರು.

ಎರಡು ಮಾತು ಎಚ್ಚರಿಕೆ. ನಿಧಿಗಳ್ಳರ ಕಾಟ ನಮ್ಮ ಕಡೆ ಇದೆ. ಬಿದ್ದ ಗುಡಿ, ಗುಡ್ಡದ ಮೇಲಿನ ಸಮಾಧಿಗಳ ಸರಿಯಾದ ಜಾಗವನ್ನು ನಕ್ಷೆ ಸಮೇತ ಇಂಟರ್ನೆಟ್ಟಿಗೆ ಹಾಕಬೇಡಿ. ನಾಣ್ಯ, ತಾಮ್ರಪಟ ನೆಲದಲ್ಲಿ ಸಿಕ್ಕರೆ ಜಿಲ್ಲಾಧಿಕಾರಿಗಳಿಗೆ ಬರೆದು ತಿಳಿಸಬೇಕು. ಇನ್ನೊಂದು, ಒಂದೇ ಸಂಗತಿಯನ್ನು ಗೌಡರ ಮನೆಯವರು ಒಂದು ಥರ, ಕೇರಿಯವರು ಒಂದು ಥರ ಹೇಳಿದರೆ ಎರಡನ್ನೂ ಹೇಳಿದವರ ಹೆಸರಿನ ಸಮೇತ ಬರೆಯಿರಿ. ತೀರ್ಪು ಕೊಡೋಕೆ ಹೋಗಬೇಡಿ.

ನೀವೇ ತೆಗೆದ ಕಲ್ಲು, ಗುಡಿಯ ಫೋಟೊಗಳನ್ನು ಇಂಟರ್ನೆಟ್ಟಿನ ಮುಕ್ತ ಫೋಟೊ ಭಂಡಾರ ವಿಕಿಮೀಡಿಯ ಕಾಮನ್ಸಿಗೆ ಹಾಕಿದರೆ ಯಾರು ಬೇಕಾದರೂ ಬಳಸಬಹುದು. ಹಿರಿಯರ ದನಿ ಅವರು ಒಪ್ಪಿದರೆ ಮಾತ್ರ.

ಹಣದ ಚಿಂತೆ ಬಿಡಿ. ಪ್ರಿಂಟು, ಮೆಮೊರಿ ಕಾರ್ಡು, ಸುಣ್ಣದ ಪುಡಿ ಬಿಟ್ಟರೆ ನಮಗೆ ದೊಡ್ಡ ಖರ್ಚು ಬಂದಿಲ್ಲ. ಊರಿನ ಎಲ್ಲರಿಗಿಂತ ಹಿರಿಯ ಹೆಣ್ಣುಮಗಳು ಯಾರು ಅಂತ ಇವತ್ತೇ ಆಶಾ ಅಕ್ಕನನ್ನು ಕೇಳಿ, ಅವರ ಮನೆಯಿಂದ ಶುರು ಮಾಡಿ. ಉರ್ದು ಕಾಗದ ಏನಾದರೂ ಸಿಕ್ಕರೆ ಇಲ್ಲೇ ಕೆಳಗೆ ತಿಳಿಸಿ. ನಮಗೆ ಓದಿಕೊಡುವ ಹಿರಿಯರೊಬ್ಬರಿದ್ದಾರೆ, ನಿಮ್ಮದನ್ನೂ ಓದಿಕೊಡಿ ಅಂತ ಕೇಳ್ತೀನಿ.