ಪ್ಲಾಸ್ಟಿಕ್ ಹಲ್ಲು ಅಳುವುದಿಲ್ಲ

"ಮೂರು ವರ್ಷದ ಮಗಳಿಗೆ ಎಂಟು ಹಲ್ಲು ಹುಳುಕಾಗಿವೆ. ಒಬ್ಬ ದಂತವೈದ್ಯರು ಪೂರ್ತಿ ಅರಿವಳಿಕೆ ಕೊಟ್ಟು ಒಂದೇ ದಿನ ಎಲ್ಲ ಮುಗಿಸೋಣ ಎಂದರು. ಇನ್ನೊಬ್ಬರು ಔಷಧಿ ಹಚ್ಚಿ ನೋಡೋಣ ಎಂದರು. ಇಬ್ಬರೂ ಓದಿದ್ದು ಒಂದೇ ಪುಸ್ತಕ ಅಲ್ವಾ?" ಎಂದು ಓದುಗರೊಬ್ಬರು ಕೇಳಿದ್ದಾರೆ.

ಸಂಪಾದಕರ ಉತ್ತರ:

ಪುಸ್ತಕ ಹೆಚ್ಚುಕಡಿಮೆ ಒಂದೇ ಅಮ್ಮಾ. ಕೈ ಪಳಗಿದ ಜಾಗ ಬೇರೆ.

ದಂತ ವಿದ್ಯಾರ್ಥಿ ಮೊದಲು ಹಲ್ಲು ಕೊರೆಯುವುದು ಗೊಂಬೆ ತಲೆಯೊಳಗಿನ ಪ್ಲಾಸ್ಟಿಕ್ ಹಲ್ಲನ್ನು. ಅಲ್ಲಿ ಜೊಲ್ಲಿಲ್ಲ, ಒದ್ದಾಡುವ ನಾಲಿಗೆಯಿಲ್ಲ, ಅಳುವೂ ಇಲ್ಲ. ಕುಳಿ ಅಳತೆಗೆ ಸರಿಯಾಗಿದ್ದರೆ ಅಂಕ ಸಿಗುತ್ತದೆ. ಆಮೇಲೆ ಅವರ ಕೈಗೆ ಬರುವ ಮಕ್ಕಳೂ ಸಾಮಾನ್ಯವಾಗಿ ಹೇಳಿದ ಮಾತು ಕೇಳುವ ವಯಸ್ಸಿನವರು. ನಿಮ್ಮ ಮಗಳಂಥ ಪುಟ್ಟ ಮಗು ಬಂದರೆ ಮಕ್ಕಳ ದಂತತಜ್ಞರ ಕಡೆ ಕಳಿಸುವುದೇ ಜಾಸ್ತಿ. ಹೀಗಾಗಿ ಎಷ್ಟೋ ಜನ ಇಂಥ ಚಿಕಿತ್ಸೆಯನ್ನು ಪಕ್ಕದಲ್ಲಿ ನಿಂತು ನೋಡಿರುತ್ತಾರೆ, ಸ್ವತಃ ಮಾಡಿರುವುದಿಲ್ಲ. ಮುಂದೆ ತಜ್ಞರಾಗಲು ಓದುವವರು ಆಪರೇಷನ್ ಥಿಯೇಟರಿನಲ್ಲೂ ಕೆಲಸ ಕಲಿಯುತ್ತಾರೆ. ಅಲ್ಲಿ ಪಳಗಿದವರಿಗೆ ಅದೇ ಮೊದಲು ನೆನಪಾಗುವುದು ಸಹಜ.

ಒಳ್ಳೆಯ ತರಬೇತಿ ಹೇಗಿರುತ್ತದೆ ಅಂತೀರಾ? ಒಂದು ಪಾಠ ನೋಡಿ. ತಾಯಿ ಮತ್ತು ವಿದ್ಯಾರ್ಥಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರುಬದುರು ಕೂರುತ್ತಾರೆ. ಮಗು ತಾಯಿಯ ತೊಡೆಯ ಮೇಲೆ, ಅವಳ ಕಡೆಗೇ ಮುಖ. ಮೆಲ್ಲಗೆ ಹಿಂದಕ್ಕೆ ಮಲಗಿಸಿದರೆ ತಲೆ ವಿದ್ಯಾರ್ಥಿಯ ತೊಡೆಗೆ ಬರುತ್ತದೆ. ಮಗು ಅಳುತ್ತದೆ. ಅಳಲಿ, ಬಾಯಿ ತಾನಾಗಿ ತೆರೆಯಿತಲ್ಲ! ಮೇಲ್ತುಟಿ ಎತ್ತಿದರೆ ಮುಂದಿನ ಹಲ್ಲುಗಳ ಬುಡದಲ್ಲಿ, ಒಸಡಿನ ಅಂಚಿಗೆ, ಸುಣ್ಣ ಎಳೆದಂಥ ಬಿಳಿ ಗೆರೆ. ಹುಳುಕು ಶುರುವಾಗುವುದು ಹೀಗೆ. ಕೆಳಗಿನ ಮುಂದಿನ ಹಲ್ಲುಗಳು ಮಾತ್ರ ಚೆನ್ನಾಗಿರುತ್ತವೆ, ನಾಲಿಗೆ ಮತ್ತು ಜೊಲ್ಲು ಅವನ್ನು ಕಾಯುತ್ತವೆ. ಈ ಹಂತದಲ್ಲಿ ಡ್ರಿಲ್ ಬೇಕಿಲ್ಲ, ಫ್ಲೋರೈಡ್ ಬೇಕು. ಪ್ಲಾಸ್ಟಿಕ್ ಹಲ್ಲು ಇದನ್ನು ಕಲಿಸಲಾರದು.

ಎರಡನೆಯ ವೈದ್ಯರು ಹೇಳಿದ ಔಷಧಿ ಸಿಲ್ವರ್ ಡೈಅಮೈನ್ ಫ್ಲೋರೈಡ್ ಇರಬೇಕು. ಹಚ್ಚುವುದು ಒಂದೆರಡು ನಿಮಿಷದ ಕೆಲಸ. ಹುಳುಕು ನಿಲ್ಲಬಹುದು, ಆದರೆ ಹುಳುಕಿನ ಜಾಗ ಕಪ್ಪಾಗುತ್ತದೆ. ಇದನ್ನು ಮೊದಲೇ ಹೇಳದೆ ಹಚ್ಚಬಾರದು. ಜಪಾನಿನಲ್ಲಿ ಇದು 1970ರ ದಶಕದಿಂದ ಬಳಕೆಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿದ್ದು 2021ರಲ್ಲಿ.

ಕೊರೆಯದೆ ಹುಳುಕು ತಡೆಯುವ ಇನ್ನೊಂದು ದಾರಿ, ಹಲ್ಲಿಗೆ ತೊಡಿಸುವ ಸ್ಟೀಲ್ ಕ್ಯಾಪ್. ಸ್ಕಾಟ್ಲೆಂಡಿನ ನಾರ್ನಾ ಹಾಲ್ ಪ್ರೊಫೆಸರಲ್ಲ, ಸಾಮಾನ್ಯ ದಂತವೈದ್ಯೆ. ಮಕ್ಕಳ ದವಡೆ ಹಲ್ಲನ್ನು ಕೊರೆಯದೆ, ಇಂಜೆಕ್ಷನ್ ಕೊಡದೆ, ಹುಳುಕಿನ ಮೇಲೇ ಕ್ಯಾಪ್ ಕೂರಿಸಿ ಮುಚ್ಚುತ್ತಿದ್ದರು. ಹುಳುಕನ್ನು ಪೂರ್ತಿ ಕೆರೆದು ತೆಗೆಯಬೇಕು ಎಂದು ಕಲಿತವರಿಗೆ ಇದು ಅಪಚಾರ ಅನ್ನಿಸಿತ್ತು. ಸಂಶೋಧಕರು ಪ್ರಯೋಗ ಮಾಡಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಾಲ್ ವಿಧಾನ ಮಾಮೂಲಿ ಫಿಲ್ಲಿಂಗಿಗಿಂತ ಚೆನ್ನಾಗಿ ನಿಂತಿತ್ತು. (ಹಾಲು ಹಲ್ಲಿಗೆ ಹಾಲ್ ವಿಧಾನ, ಸುಮ್ನೆ ಕಾಕತಾಳೀಯ.) ಈ ಪಾಠ ಕಲಿತು ಬಂದವರಿಗೂ ಅದಕ್ಕಿಂತ ಮುಂಚೆ ಓದಿದವರಿಗೂ ವ್ಯತ್ಯಾಸ ಇದ್ದೇ ಇರುತ್ತದೆ.

ನನ್ನ ತಕರಾರು ಬೇರೆ. ಅಂಕವೆಲ್ಲ ಹಲ್ಲು ರಿಪೇರಿಗೆ ಹೋಗುತ್ತದೆ. ಅರಿವಳಿಕೆಯಲ್ಲಿ ಎಲ್ಲ ಹಲ್ಲು ಸರಿಮಾಡಿಸಿಕೊಂಡ ಎಷ್ಟೋ ಮಕ್ಕಳಲ್ಲಿ ಹುಳುಕು ಮತ್ತೆ ಬರುತ್ತದೆ. ರಾತ್ರಿಯ ಹಾಲಿನ ಬಾಟಲಿ ಬಿಡಿಸುವುದು ಹೇಗೆ, ಮೂರು ತುಂಬುವವರೆಗೆ ಅಕ್ಕಿಕಾಳಿನಷ್ಟು, ತುಂಬಿದ ಮೇಲೆ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್ ಏಕೆ ಎಂದು ತಾಯಿಯನ್ನು ಗದರದೆ ಮಾತಾಡುವುದೂ ಚಿಕಿತ್ಸೆಯೇ. ಆ ಮಾತಿಗೆ ಎಲ್ಲಿ ಎಷ್ಟು ಅಂಕ ಕೊಡುತ್ತಾರೆ?

ಇಬ್ಬರು ವೈದ್ಯರನ್ನೂ ಕೇಳಿ: ಯಾವ ಹಲ್ಲಿನ ನರದವರೆಗೆ ಹುಳುಕು ಹೋಗಿದೆ? ಈ ವಯಸ್ಸಿನ ಮಕ್ಕಳಿಗೆ ನೀವು ಈ ಚಿಕಿತ್ಸೆ ಎಷ್ಟು ಸಲ ಮಾಡಿದ್ದೀರಿ? ಹುಳುಕು ನರ ಮುಟ್ಟಿದ್ದರೆ ಹಚ್ಚುವ ಔಷಧಿಯೂ ಸಾಲದು, ಕೊರೆಯದ ಕ್ಯಾಪೂ ಸಾಲದು. ಅಂಥವು ಹಲವು ಇದ್ದರೆ ಮೊದಲಿನವರ ಮಾತೇ ಸರಿಯಿರಬಹುದು. ಮುಖ ಊದಿದ್ದರೆ, ಜ್ವರ ಇದ್ದರೆ, ಇವತ್ತೇ ಕರೆದುಕೊಂಡು ಹೋಗಿ.