ಶುಗರ್ ಪಾಠ ಸಿಸ್ಟರ್ ಹೇಳಿದ್ರ ತಪ್ಪೇನ್ರಿ?

ಚಿತ್ತಾಪುರದಿಂದ ಪತ್ರ ಬರದ ಸರ್‌ಗೆ ನಮಸ್ಕಾರ್ರಿ. ಶುಗರ್ ಇದ್ದವರಿಗೆ ನರ್ಸ್‌ಗಳೇ ಕುಂತು ಕಲಿಸಬೇಕು ಅಂತ ಹೋದ ಸಂಚಿಕ್ಯಾಗ ನಾವು ಬರದಿದ್ದಕ್ಕ ನೀವು ಸಿಟ್ಟಾಗೀರಿ. "ಡಾಕ್ಟರ್ ಇರೋವಾಗ ಸಿಸ್ಟರ್ ಮಾತು ಯಾಕ ಕೇಳ್ಬೇಕು, ಅವರ ಕೆಲಸ ಸೂಜಿ ಮಾಡೋದು" ಅಂದೀರಿ. ನಿಮ್ಮ ತಾಯಿಗೆ ಈಗಷ್ಟೇ ಇನ್ಸುಲಿನ್ ಶುರು ಆಗ್ಯದ ಅಂತನೂ ಬರದೀರಿ.

ಆ ಸೂಜಿ ಮಾತೇ ತಗೋರಿ. ಡೋಸ್ ಎಷ್ಟಂತ ಡಾಕ್ಟರೇ ಬರೀಬೇಕು, ಅದರಾಗ ಎರಡು ಮಾತಿಲ್ಲ. ಆದ್ರ ಮನ್ಯಾಗ ಅಮ್ಮನ ಕೈಯಾಗಿನ ಸಿರಿಂಜ್ ಯಾರು ನೋಡ್ತಾರ? ಇನ್ಸುಲಿನ್ ಬಾಟ್ಲಿ ನಮ್ಮಲ್ಲಿ ಎರಡು ನಮೂನಿ ಸಿಗ್ತಾವ, ಒಂದು ಎಂಎಲ್‌ಗೆ 40 ಯುನಿಟ್‌ದು, ಇನ್ನೊಂದು 100ರದ್ದು. 40ಕ್ಕ ಕೆಂಪು ಟೋಪಿ ಸಿರಿಂಜ್, 100ಕ್ಕ ಕಿತ್ತಳಿ ಬಣ್ಣದ್ದು. 100ರ ಬಾಟ್ಲಿಗೆ ಕೆಂಪು ಟೋಪಿದು ಹಚ್ಚಿ 20ರ ಗೀಟಿನ ತನ ಎಳಕೊಂಡ್ರ ಮೈಯಾಗ ಹೋಗೋದು 50 ಯುನಿಟ್ರಿ! ಇದು ಬಾಯಿಲೇ ಹೇಳಿದ್ರ ತಲ್ಯಾಗ ಕುಂದ್ರಂಗಿಲ್ಲ, ಪಕ್ಕದಾಗ ಕುಂತು ಅವರ ಕೈಲೇ ಎಳಸಬೇಕು, ತಪ್ಪಿದ್ರ ಮತ್ತ ಎಳಸಬೇಕು, ದಿನಾ ಒಂದೇ ಜಾಗಾಕ್ಕ ಚುಚ್ಚಿ ಗಂಟು ಕಟ್ಟ್ಯದೇನು ಅಂತ ಹೊಟ್ಟಿ ಮುಟ್ಟಿ ನೋಡಬೇಕು, ಓಪಿಡಿ ಹೊರಗ ಅಷ್ಟು ಮಂದಿ ನಿಂತಾಗ ಡಾಕ್ಟರ್‌ಗೆ ಇದೆಲ್ಲಾ ಎಲ್ಲಿಂದ ಆಗಬೇಕು?

ಮತ್ತ ನಮ್ಮ ಬಿಸಿಲು ಗೊತ್ತೇ ಅದಲ್ಲ. ಮನ್ಯಾಗ ಫ್ರಿಜ್ ಇದ್ರ ಇನ್ಸುಲಿನ್ ಅದರ ಬಾಗಲದಾಗ ಇಡ್ರಿ, ಫ್ರೀಜರ್‌ನಾಗ ಬ್ಯಾಡ, ಹೆಪ್ಪುಗಟ್ಟಿದ ಇನ್ಸುಲಿನ್ ಚೆಲ್ಲೋದೇ. ಫ್ರಿಜ್ ಇಲ್ಲಂದ್ರ ಮಣ್ಣಿನ ಗಡಗಿಯೊಳಗ ಇನ್ನೊಂದು ಸಣ್ಣ ಗಡಗಿ, ನಡುವ ಹಸಿ ಉಸುಕು, ಬಾಟ್ಲಿ ಸಣ್ಣ ಗಡಗಿಯೊಳಗ. ಇಂಥಾದ್ದು ಹೇಳಿಕೊಡೋರು ಸಿಸ್ಟರೇ. ಜ್ವಾಳದ ರೊಟ್ಟಿ ತಿಂದ್ರ ಶುಗರ್ ಏರಂಗಿಲ್ಲ ಅಂತ ನಾಕು ರೊಟ್ಟಿ ಹೊಡಿಯೋರಿಗೆ "ಎರಡು ಸಾಕಮ್ಮ, ಪಲ್ಯ ಜಾಸ್ತಿ ಹಾಕೋರಿ" ಅನ್ನೋರೂ ಅವರೇ. ಶರಣಬಸವೇಶ್ವರ ಜಾತ್ರಿಗೆ ಬರಿಗಾಲಲೇ ಹೋಗ್ತೀನಿ ಅನ್ನೋ ಅಮ್ಮನ್ನ ಚಪ್ಪಲಿ ಹಾಕೋಳಾಕ ಒಪ್ಪಿಸೋದಂತೂ ನಿಮ್ಮಿಂದನೂ ಆಗಂಗಿಲ್ಲ, ನನ್ನಿಂದನೂ ಆಗಂಗಿಲ್ಲ. ಶುಗರ್‌ನಿಂದ ಪಾದ ಜೋಮು ಹಿಡಿದವರಿಗೆ ಮುಳ್ಳು ಚುಚ್ಚಿದ್ದೇ ಗೊತ್ತಾಗಂಗಿಲ್ಲ.

ನಿಮ್ಮ ಒಂದು ಮಾತು ಮಾತ್ರ ಖರೇ ಅದ. ಸಿಸ್ಟರ್‌ಗೂ ಟೈಮ್ ಇಲ್ಲ. ಡ್ರಿಪ್ಪು, ರಜಿಸ್ಟರು, ಇಡೀ ವಾರ್ಡು ಒಬ್ಬರ ಮ್ಯಾಲ ಹಾಕಿ ಪಾಠನೂ ಹೇಳ್ರಿ ಅಂದ್ರ ಅದು ಅನ್ಯಾಯ. ಇದಕ್ಕಂತನೇ ಒಬ್ಬರನ್ನ ಬಿಡಬೇಕು. ಹಳ್ಳಿ ಆರೋಗ್ಯ ಸೆಂಟರ್‌ನಾಗಿನ ಸಿಎಚ್‌ಓಗಳೂ (ಸಮುದಾಯ ಆರೋಗ್ಯ ಅಧಿಕಾರಿಗಳು) ಬಹಳಷ್ಟು ನರ್ಸಿಂಗ್ ಕಲತವರೇ, ಅವರನ್ನೂ ಕೇಳ್ರಿ.

ಸದ್ಯ ನೀವು ಇಷ್ಟು ಮಾಡ್ರಿ ಸರ್. ಮುಂದಿನ ಸಲ ಅಮ್ಮನ ಜೋಡಿ ಬಾಟ್ಲಿ, ಸಿರಿಂಜ್ ಎರಡೂ ತಗೊಂಡು ಹೋಗಿ ಸಿಸ್ಟರ್ ಮುಂದ ಎಳಸಿ ತೋರಸ್ರಿ. ಕೈ ನಡುಗಿ ಬೆವರು ಬಂದು ಶುಗರ್ 70ಕ್ಕಿಂತ ಕೆಳಗ ಇಳದ್ರ ಮೂರು ಚಮಚ ಸಕ್ರಿ ನೀರಾಗ ಕಲಸಿ ಕುಡಸ್ರಿ, 15 ನಿಮಿಷ ಬಿಟ್ಟು ಮತ್ತ ಚೆಕ್ ಮಾಡ್ರಿ. ಎಚ್ಚರ ತಪ್ಪಿದ್ರ ಬಾಯಾಗ ಏನೂ ಹಾಕಬ್ಯಾಡ್ರಿ, 108ಕ್ಕ ಫೋನ್ ಹಚ್ರಿ.